ದೊಡ್ಡಮ್ಮನ ಕೃಪೆ, ಹಾಲಮ್ಮನ ಡಬರಿ

ನನ್ನ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬರಿ ಇದೆ. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಹಾಲಮ್ಮ’ ಎಂದು ಹೆಸರು ಹೊಡೆಸಿದೆ. ನನ್ನ ಹೆಸರು ಹಾಲಮ್ಮ ಅಲ್ಲ. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಇವತ್ತು ಬೆಳಿಗ್ಗೆ ಅದನ್ನು ತೊಳೆದು ಬೋರಲು ಹಾಕುವಾಗ ಕಿಟಕಿಯ ಬಿಸಿಲು ಸರಿಯಾಗಿ ಆ ಅಕ್ಷರಗಳ ಮೇಲೆ ಬಿತ್ತು. ಆಚೆ ಕೋಣೆಯಲ್ಲಿ ಅರ್ಧ ಬರೆದ ಉಪನ್ಯಾಸ ನನಗಾಗಿ ಕಾಯುತ್ತಿತ್ತು. ಮುಂದಿನ ವಾರ ಹೊಸದುರ್ಗದಲ್ಲಿ ಒಂದಷ್ಟು ಶಿಕ್ಷಕರ ಮುಂದೆ ಲೂಥರನ್ ದೈವಶಾಸ್ತ್ರದ ಬಗ್ಗೆ ಮಾತಾಡಬೇಕು. ಕ್ರೈಸ್ತ ಅಧ್ಯಯನದಲ್ಲಿ ಅದರ ಸ್ಥಾನ, ಕ್ರೈಸ್ತ ಬದುಕಿನಲ್ಲಿ ಅದರ ಸ್ಥಾನ, ಹೀಗೆ ಎರಡು ಭಾಗ. ಮೊದಲನೆಯದು ಸಲೀಸಾಗಿ ಮುಗಿದಿದೆ, ಎಂ.ಎ. ಓದುವಾಗ ಅದರ ಮೇಲೆ ಒಂದಿಡೀ ಪತ್ರಿಕೆಯೇ ಇತ್ತು, ಒಳ್ಳೆಯ ಅಂಕವೂ ಬಂದಿತ್ತು. ಎರಡನೆಯದಕ್ಕೆ ಕೂತಾಗಲೆಲ್ಲ ಮಾತ್ರ ನನಗೆ ಪಾತ್ರೆ ತೊಳೆಯಬೇಕೆನ್ನಿಸುತ್ತದೆ.

ನಿಮಗೆ ಈ ವಿಷಯ ಹೊಸದಾದರೆ ಗಾಬರಿ ಬೇಡ, ತಿರುಳು ಚಿಕ್ಕದು. ಐದು ಶತಮಾನಗಳ ಹಿಂದೆ ಜರ್ಮನಿಯಲ್ಲಿ, ಈ ಪಂಥಕ್ಕೆ ತನ್ನ ಹೆಸರು ಕೊಟ್ಟ ಒಬ್ಬ ಸನ್ಯಾಸಿಗೆ ತಾನು ಎಷ್ಟು ಉಪವಾಸ ಮಾಡಿದರೂ, ಎಷ್ಟು ಪ್ರಾರ್ಥಿಸಿದರೂ ದೇವರಿಗೆ ಸಾಲದೇನೋ ಎಂಬ ಭಯ ಹಿಡಿದಿತ್ತು. ಕೊನೆಗೆ ಅವನಿಗೆ ಹೊಳೆದದ್ದು: ಇದು ಸಂಪಾದಿಸುವ ವಸ್ತುವೇ ಅಲ್ಲ, ಸುಮ್ಮನೆ ಕೈಯೊಡ್ಡಿ ತೆಗೆದುಕೊಳ್ಳುವಂಥದು. ಅದರ ಹೆಸರು ಕೃಪೆ. ಆಮೇಲೆ ವಿದ್ವಾಂಸರು ಇದಕ್ಕೆ ಗ್ರಂಥಾಲಯದ ಕಪಾಟುಗಟ್ಟಲೆ ವ್ಯಾಖ್ಯಾನ ಬರೆದರು. ನಾನೂ ಕೆಲವು ಪುಟ ಸೇರಿಸಿದ್ದೇನೆ; ಯಾರಾದರೂ ಓದಿದ್ದಾರೆಂಬುದಕ್ಕೆ ಆಧಾರ ಸಿಕ್ಕಿಲ್ಲ.

ಆದರೆ ನನಗೆ ಈ ಪಾಠ ಮೊದಲು ಸಿಕ್ಕಿದ್ದು ಕಪಾಟಿನಿಂದಲ್ಲ, ಚಿಕ್ಕಜಾಜೂರಿನಲ್ಲಿರುವ ನನ್ನ ದೊಡ್ಡಮ್ಮನಿಂದ. ಅಮ್ಮನ ಅಕ್ಕ. ಗಡಿಯಾಚೆ ಆಂಧ್ರದ ಒಂದು ಲೂಥರನ್ ಮನೆತನದಲ್ಲಿ ಹುಟ್ಟಿ, ರೈಲ್ವೆ ಗಾರ್ಡ್ ಆಗಿದ್ದ ದೊಡ್ಡಪ್ಪನನ್ನು ಮದುವೆಯಾಗಿ ಈ ಜಂಕ್ಷನ್ನಿಗೆ ಬಂದವಳು; ಊರಿನ ಶಾಲೆಯಲ್ಲಿ ಟೀಚರಾಗಿದ್ದಳು. ಅದೇ ಮನೆತನದ ನಮ್ಮಮ್ಮ ಚಿತ್ರದುರ್ಗಕ್ಕೆ ಮದುವೆಯಾಗಿ ಬಂದು, ತಕರಾರಿಲ್ಲದೆ ಅಪ್ಪನ ಸಭೆಗೆ, ಅಂದರೆ ಲೂಥರನ್ ಅಲ್ಲದ ಚರ್ಚಿಗೆ, ಸೇರಿಕೊಂಡಳು. ದೊಡ್ಡಮ್ಮ ಯಾವ ಸಭೆಗೂ ಸೇರಲಿಲ್ಲ. ಚಿಕ್ಕಜಾಜೂರಿನ ಲೂಥರನ್ ಸಮುದಾಯವೆಂದರೆ ಅವಳು ಮತ್ತು ದೊಡ್ಡಪ್ಪ. ದೊಡ್ಡಪ್ಪ ಡ್ಯೂಟಿಗೆ ಹೋದರೆ ಅವಳೊಬ್ಬಳೇ. ಭಾನುವಾರ ರೈಲು ಹಿಡಿದು ಚಿತ್ರದುರ್ಗಕ್ಕೆ ಬಂದು ನಮ್ಮ ಚರ್ಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು, ಬೀಗರ ಮನೆಗೆ ಬಂದವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು. ಸಭಾಪಾಲಕರು ಪ್ರಭು ಭೋಜನದಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದ ಬಗ್ಗೆ ಮಾತಾಡುತ್ತ ಇವು ಪ್ರಭುವಿನ ನೆನಪಿನ ಗುರುತುಗಳು ಎಂದರೆ, ನನ್ನ ಕಿವಿಗೆ ಬಾಗಿ, “ಬರೀ ನೆನಪಲ್ಲ ಅಮ್ಮಾಯಿ. ನಿಜವಾಗ್ಲೂ ಇರ್ತಾನೆ” ಎನ್ನುತ್ತಿದ್ದಳು. ಹುಡುಗಿ ಎಂಬುದಕ್ಕೆ ಅವಳ ಬಾಯಲ್ಲಿ ಇವತ್ತಿಗೂ ತೆಲುಗಿನ ಅಮ್ಮಾಯಿಯೇ ಬರುವುದು. ಪ್ರಭು ಭೋಜನದ ಕುರಿತ ಶತಮಾನಗಳ ವಾದವನ್ನು ನಾನು ಮೊದಲು ಕೇಳಿದ್ದು ಹೀಗೆ, ಅತ್ತ ಅಮ್ಮ ಮೊಣಕೈಯಿಂದ ತಿವಿಯುತ್ತಿರುವಾಗ.

ದೊಡ್ಡಪ್ಪನ ಲೂಥರನ್ ನಂಬಿಕೆ ಬೇರೆ ಜಾತಿಯದು. ದಿನನಿತ್ಯದ ಕಸುಬೂ ದೇವರು ಕೊಟ್ಟ ಕರೆಯೇ ಎಂಬ ಬೋಧನೆ ಆ ಸಂಪ್ರದಾಯದಲ್ಲಿದೆ. ದೊಡ್ಡಪ್ಪನಿಗೆ ಅದೊಂದೇ ನೆನಪಿತ್ತು. ಭಾನುವಾರ ಚರ್ಚಿಗೆ ಕರೆದರೆ, “ನಾನು ಹಸಿರು ಬಾವುಟ ತೋರಿಸೋದೂ ಆರಾಧನೆನೇ ಕಣೇ” ಎಂದು ಮಗ್ಗುಲಾಗುತ್ತಿದ್ದ. ಆ ಭಾನುವಾರ ಅವನಿಗೆ ರಜೆ ಇರುತ್ತಿತ್ತು ಎಂಬುದು ಬೇರೆ ಮಾತು.

ನನಗೆ ಹದಿನೈದಾದಾಗ ದೃಢೀಕರಣದ ಸಮಯ ಬಂತು. ಅಂದರೆ, ಕೂಸಾಗಿದ್ದಾಗ ನಮ್ಮ ಪರವಾಗಿ ತಂದೆತಾಯಿ ಹೇಳಿದ ನಂಬಿಕೆಯನ್ನು ನಾವೇ ಸಭೆಯ ಮುಂದೆ ನಿಂತು ಒಪ್ಪಿಕೊಳ್ಳುವ ದಿನ. ಅದಕ್ಕೆ ಪಾಠ ಕಲಿಯಬೇಕು. ನಮ್ಮ ಸಭೆಯ ಪಾಠ ನೀರು ಹಾಕಿದ ಮಜ್ಜಿಗೆ ಎಂದು ದೊಡ್ಡಮ್ಮನ ಅಭಿಪ್ರಾಯ. ಬೇಸಿಗೆ ರಜೆಗೆ ನನ್ನನ್ನು ಚಿಕ್ಕಜಾಜೂರಿಗೆ ಕಳಿಸಿಕೊಡಬೇಕೆಂದು ಅಮ್ಮನಿಗೆ ಹೇಳಿದಳು. ಅಕ್ಕನಿಗೆ ಎದುರಾಡುವ ಅಭ್ಯಾಸ ಅಮ್ಮನಿಗೆ ಇರಲಿಲ್ಲ.

ದೊಡ್ಡಮ್ಮನ ಮನೆಯ ಹಿಂದೆ ಎದೆಯೆತ್ತರದ ಒಂದು ಗೋಡೆ. ಗೋಡೆಯಾಚೆ ಹಾಲಮ್ಮನ ಮನೆ. ಗಂಡ ಕುರಿ ಸಾಕುತ್ತಿದ್ದ, ಅವಳು ಒಂದು ಎಮ್ಮೆ ಕಟ್ಟಿದ್ದಳು. ಇಬ್ಬರಿಗಿಂತ ಎಮ್ಮೆಗೇ ಹೆಚ್ಚು ಗತ್ತು. ಹಾಲಮ್ಮ ಮತ್ತು ದೊಡ್ಡಮ್ಮನ ನಡುವೆ ಆ ಗೋಡೆಯ ಮೇಲೆ ಒಂದು ಯುದ್ಧ ನಡೆಯುತ್ತಿತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು ಎಂಬುದು ನಿಮ್ಮ ಮನೆಯಲ್ಲೂ ಇರುವ ಪದ್ಧತಿಯೇ. ನಾವೆಲ್ಲ ಒಂದು ಚಮಚ ಸಕ್ಕರೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ದೊಡ್ಡಮ್ಮ ಹಾಗಲ್ಲ. ಹಾಲಮ್ಮ ಹುರುಳಿ ಸಾರು ಕಳಿಸಿದರೆ ಆ ಪಾತ್ರೆ ಚಿತ್ರಾನ್ನ ತುಂಬಿಕೊಂಡು ಹಿಂತಿರುಗುತ್ತಿತ್ತು. ಗಿಣ್ಣ ಬಂದರೆ ಕೇಕ್ ಹೋಗುತ್ತಿತ್ತು. ಶೇಂಗಾ ಹೋಳಿಗೆ ಬಂದ ದಿನ ಮನೆಯಲ್ಲಿ ಏನೂ ಇಲ್ಲದೆ, ಹೊಸದೊಂದು ಮೈಸೋಪನ್ನೇ ಪಾತ್ರೆಯೊಳಗಿಟ್ಟು ಕಳಿಸಿದಳು.

ಹಾಲಮ್ಮ ಗೋಡೆಯ ಮೇಲಿಂದ ಇಣುಕಿ, “ಏನ್ರಿ ಟೀಚರಮ್ಮ, ನಮ್ಮನೆಯಾಗೆ ಮೈ ತೊಳಿಯಾದಿಲ್ಲ ಅಂದ್ಕಂಡ್ರೇನು?” ಎಂದಳು.

“ಬರೀ ಪಾತ್ರೆ ಹೆಂಗೆ ಕೊಡಾದು ಹಾಲಮ್ಮ?”

“ಬರೀದು ಕೊಟ್ರೆ ನನ್ನ ಎಮ್ಮೆ ಹಾಲು ಕೊಡಲ್ಲ ಅಂತೈತಾ? ಕೊಡ್ರಿ ಒಂದಿನ, ನೋಡಾಣ.”

ದೊಡ್ಡಮ್ಮ ಕೊಡಲಿಲ್ಲ. ಬೆಳಿಗ್ಗೆ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು, ದೇವರ ದಾನಕ್ಕೆ ಪ್ರತಿಯಾಗಿ ಮನುಷ್ಯ ಏನನ್ನೂ ಕೊಡಲಾರ, ಕೊಡಬೇಕಾಗಿಯೂ ಇಲ್ಲ ಎಂದು ಕಲಿಸುವಳು. ಮಧ್ಯಾಹ್ನ ಹಾಲಮ್ಮನ ಪಾತ್ರೆಗೆ ಏನು ತುಂಬುವುದೆಂದು ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡುವಳು. ಇವೆರಡೂ ಒಬ್ಬಳೇ ಹೆಂಗಸಿನಲ್ಲಿ ಜಗಳವಿಲ್ಲದೆ ವಾಸವಾಗಿದ್ದವು.

ಆ ರಜೆಯ ನಡುವೆ ದೊಡ್ಡಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಹೊಳಲ್ಕೆರೆಗೆ ಹೋಗಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದದ್ದಾಯಿತು. ದೊಡ್ಡಪ್ಪ ರೈಲಿನಲ್ಲಿ, ನನಗೆ ಟೀ ಬಿಟ್ಟರೆ ಏನೂ ಬರುತ್ತಿರಲಿಲ್ಲ, ಟೀ ಬಗ್ಗೆಯೂ ಭಿನ್ನಾಭಿಪ್ರಾಯಗಳಿದ್ದವು. ಹಾಲಮ್ಮ ಯಾರನ್ನೂ ಕೇಳದೆ ಒಳಗೆ ಬಂದಳು. ಮುದ್ದೆ ಮಾಡಿದಳು, ಸಾರು ಮಾಡಿದಳು, ದೊಡ್ಡಮ್ಮನಿಗೆ ನೀರು ಹಾಕಿದಳು, ತಲೆ ಬಾಚಿ ಜಡೆ ಹೆಣೆದಳು. ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನೋವಿಗೆ ಅಂದುಕೊಂಡಿದ್ದೆ, ಅದು ಸಂಕಟ. ಒಂದೇ ಕೈಯಲ್ಲಿ ಅವಳಿಂದ ಚಿತ್ರಾನ್ನ ಮಾಡಲಾಗುತ್ತಿರಲಿಲ್ಲ, ಹಾಲಮ್ಮ ಮಾತ್ರ ದಿನವೂ ಬರುತ್ತಿದ್ದಳು.

ಕೊನೆಗೊಂದು ದಿನ ದೊಡ್ಡಮ್ಮ ಬೀರುವಿನಿಂದ ತನ್ನ ಮೊಳಕಾಲ್ಮೂರು ರೇಷ್ಮೆ ಸೀರೆ ತೆಗೆಸಿದಳು. ಕ್ರಿಸ್‌ಮಸ್ಸಿಗೆ ಉಡಬೇಕೆಂದು ಇಟ್ಟುಕೊಂಡಿದ್ದ ಹೊಸ ಸೀರೆ. “ಹಾಲಮ್ಮಂಗೆ ಕೊಟ್ಟು ಬಾ” ಎಂದು ನನ್ನನ್ನು ಕಳಿಸಿದಳು.

ಹಾಲಮ್ಮ ಸೀರೆ ಬಿಚ್ಚಿ ನೋಡಲಿಲ್ಲ. “ಯಾತಕ್ಕಂತವ್ವ ಇದು?” ಎಂದು ಕೇಳಿದಳು.

“ನೀವು ಇಷ್ಟು ದಿನ ಮಾಡಿದ್ದಕ್ಕಂತೆ.”

ಅವಳು ಸೀರೆಯನ್ನು ನನ್ನ ತೋಳಿನ ಮೇಲೆ ವಾಪಸ್ ಹಾಕಿದಳು. “ನಾನೇನು ಕೂಲಿಗೆ ಬಂದಿದ್ನಾ? ಕೂಲಿ ಅಂತ ಗೊತ್ತಿದ್ರೆ ಮೊದ್ಲೇ ಮಾತಾಡ್ಕಂತಿದ್ದೆ. ಈ ಸೀರೆ ಸಾಲಲ್ಲ ಅನ್ನು ನಿಮ್ಮ ದೊಡ್ಡಮ್ಮಂಗೆ.” ಧ್ವನಿಯಲ್ಲಿ ತಮಾಷೆ ಇತ್ತು, ಮುಖದಲ್ಲಿ ಇರಲಿಲ್ಲ.

ಮರುದಿನ ಹಾಲಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯ ಮೇಲೆ ಪಾತ್ರೆ ಓಡಾಡುವುದು ನಿಂತಿತು. ದೊಡ್ಡಮ್ಮನಿಗೆ ಊರಲ್ಲಿ ನಮಸ್ಕಾರ ಹೇಳುವವರು ಬಹಳ ಜನ ಇದ್ದರು. ಬಾಗಿಲು ತಟ್ಟದೆ ಒಳಗೆ ಬರುವವಳು ಇವಳೊಬ್ಬಳೇ. ಅವಳು ಕೈತಪ್ಪಿದ್ದು ದೊಡ್ಡಮ್ಮನಿಗೆ ಗೊತ್ತಿತ್ತು. ಜಡೆಯಿಲ್ಲದ ಕೂದಲನ್ನು ಎಡಗೈಯಲ್ಲಿ ಹಿಂದಕ್ಕೆ ತಳ್ಳಿಕೊಳ್ಳುತ್ತ ಪಾಠ ಮುಂದುವರಿಸಿದಳು. ಪಾಠವೂ ಅದೇ ಬರಬೇಕೇ?

“ಕೃಪೆ ಅಂದ್ರೇನು?”

“ಯೋಗ್ಯತೆ ನೋಡದೆ, ಬೆಲೆ ಕೇಳದೆ ಕೊಡೋ ದಾನ.”

“ಅದಕ್ಕೆ ಪ್ರತಿಯಾಗಿ ನಾವೇನು ಕೊಡಬೇಕು?”

“ಏನೂ ಇಲ್ಲ.” ನಾನು ಅಚ್ಚುಕಟ್ಟಾದ ವಿದ್ಯಾರ್ಥಿನಿ. ಅನುಮಾನ ಬಂದರೆ ಕೇಳಿಯೇ ತೀರುವವಳು. “ಕೊಡಕ್ಕೆ ಹೋದ್ರೆ ಏನಾಗುತ್ತೆ ದೊಡ್ಡಮ್ಮ?”

ಅವಳು ಗೋಡೆಯ ಕಡೆ ನೋಡಿದಳು. “ಪುಸ್ತಕ ಮುಚ್ಚು” ಎಂದಳು.

ಅಂದು ಸಂಜೆ ದೊಡ್ಡಪ್ಪ ಡ್ಯೂಟಿ ಮುಗಿಸಿ ಬಂದ. ನನ್ನ ಟೀ ಕುಡಿದು, ಹಾಲಮ್ಮ ಎಲ್ಲಿ ಎಂದು ವಿಚಾರಿಸಿದ. ಸೀರೆಯ ಸಂಗತಿ ಕೇಳಿ ಜೋರಾಗಿ ನಕ್ಕ.

“ಅಲ್ಲ ಕಣೇ, ದೇವರ ಜೊತೆ ವ್ಯಾಪಾರ ಬೇಡ ಅಂತ ಆ ಸನ್ಯಾಸಿ ಇಡೀ ಚರ್ಚಿನ ಮೇಲೆ ಅಷ್ಟು ದೊಡ್ಡ ಜಗಳ ತೆಗೆದ. ನೀನು ನೋಡಿದ್ರೆ ಹಾಲಮ್ಮನ ಜೊತೆ ಅಂಗಡಿ ಇಟ್ಟಿದೀಯ.”

“ದೇವರಿಗೆ ತೀರಿಸಕ್ಕೆ ಆಗಲ್ಲ, ಅದಕ್ಕೆ ಸುಮ್ನಿದೀನಿ” ಎಂದು ದೊಡ್ಡಮ್ಮ ರೇಗಿದಳು. “ಹಾಲಮ್ಮಂಗೆ ಆಗುತ್ತಲ್ಲ!”

“ಆಯ್ತಾ?”

ಆಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೇಲೆ ಎಷ್ಟೋ ಚರ್ಚೆ ಕೇಳಿದ್ದೇನೆ. ಎದುರಾಳಿಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ಕೂರಿಸಿದ್ದು ನೋಡಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಹಿತ್ತಲ ಬಾಗಿಲು ದಾಟಿ, ಗೋಡೆ ಸುತ್ತಿಕೊಂಡು ಹಾಲಮ್ಮನ ಅಂಗಳಕ್ಕೆ ಹೋದಳು. ನಾನು ಗೋಡೆಗೆ ಗದ್ದ ಊರಿ ನಿಂತೆ. ಹಾಲಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

“ಹಾಲಮ್ಮ, ಸಾರು ಐತಾ?” ಎಂದಳು ದೊಡ್ಡಮ್ಮ.

“ಯಾರಿಗೆ?”

“ನನಗೇ.”

“ಸೀರೆ ತಂದೀರಾ?”

“ಇಲ್ಲ. ಏನೂ ತಂದಿಲ್ಲ. ಪಾತ್ರೇನೂ ತಂದಿಲ್ಲ.”

ಇಡೀ ಜನ್ಮದಲ್ಲಿ ದೊಡ್ಡಮ್ಮ ಯಾರ ಮನೆ ಮುಂದೂ ಹಾಗೆ ಬರಿಗೈಯಲ್ಲಿ ನಿಂತಿರಲಿಕ್ಕಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗವಚಿಕೊಂಡು, ಇನ್ನೊಂದು ಕೈ ಏನು ಮಾಡಬೇಕೆಂದು ತಿಳಿಯದೆ ಸೆರಗು ಹಿಡಿದು ನಿಂತಿದ್ದಳು. ಹಾಲಮ್ಮ ಮೊರ ಕೆಳಗಿಟ್ಟಳು. ಮೊದಲು ನೋಡಿದ್ದು ಅವಳ ತಲೆಯನ್ನು.

“ಏನ್ರಿ ಇದು ತಲೆ, ಕುರಿ ಹೊಕ್ಕ ಬೇಲಿ ಆದಂಗಾಗೈತೆ. ಮೊದ್ಲು ಕುಂತ್ಕಳ್ರಿ ಇಲ್ಲಿ.”

ದೊಡ್ಡಮ್ಮ ಕೂತಳು. ಹಾಲಮ್ಮ ಹಣಿಗೆ ತಂದು ಸಿಕ್ಕು ಬಿಡಿಸತೊಡಗಿದಳು. ನೋಯುವಷ್ಟು ಜೋರಾಗಿಯೇ ಎಳೆಯುತ್ತಿದ್ದಳು. ಅಷ್ಟು ಹಕ್ಕು ಅವಳಿಗಿತ್ತು. ಈ ಸಲ ದೊಡ್ಡಮ್ಮ ಕಣ್ಣು ಮುಚ್ಚಿರಲಿಲ್ಲ. ಜಡೆ ಮುಗಿದ ಮೇಲೆ ಹಾಲಮ್ಮ ಒಳಗಿಂದ ತನ್ನ ಹೆಸರಿನ ಡಬರಿಯಲ್ಲಿ ಸಾರು ತುಂಬಿ ತಂದು, “ಡಬರಿ ನಿಮ್ಮನೆಯಾಗೇ ಇರ್ಲಿ. ವಾಪಸ್ ತಂದ್ರೆ ನೋಡ್ರಿ ಮತ್ತೆ” ಎಂದಳು.

ಹೀಗೆ ಆ ಡಬರಿ ಈಚೆಗೆ ಬಂತು. ನಾನು ಚಿತ್ರದುರ್ಗದಲ್ಲೇ ಒಂದು ಮನೆ ಬಾಡಿಗೆ ಹಿಡಿದು ಒಬ್ಬಳೇ ಇರತೊಡಗಿದಾಗ ದೊಡ್ಡಮ್ಮ ಅದನ್ನು ನನಗೆ ಕೊಟ್ಟಳು, ಹಾಲಮ್ಮನನ್ನು ಕೇಳಿಯೇ.

ದೊಡ್ಡಮ್ಮ ಅಂದಿನಿಂದ ಸಂಪೂರ್ಣ ಬದಲಾದಳು ಎಂದು ಬರೆದರೆ ಅದು ಸುಳ್ಳು, ಲೂಥರನ್ ದೈವಶಾಸ್ತ್ರಕ್ಕೂ ವಿರುದ್ಧ. ಮನುಷ್ಯ ಒಂದೇ ಸಮಯಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದು ಅದು ಹೇಳುತ್ತದೆ. ಗೋಡೆಯ ಮೇಲೆ ಪಾತ್ರೆಗಳು ಈಗಲೂ ಓಡಾಡುತ್ತವೆ. ಹಾಲಮ್ಮನ ಪಾತ್ರೆ ಬಂದರೆ ದೊಡ್ಡಮ್ಮ ಅದನ್ನು ತೊಳೆದು, ಬರಿದಾಗಿಯೇ ಒಂದು ರಾತ್ರಿ ಕಟ್ಟೆಯ ಮೇಲಿಡುತ್ತಾಳೆ. ಅಷ್ಟು ಹೊತ್ತು ಅವಳು ಲೂಥರನ್. ಬೆಳಗಾದರೆ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಶುರುವಾಗುತ್ತದೆ.

ಇಷ್ಟು ಬರೆಯುವಾಗ ಫೋನ್ ಬಂತು. ಹೊಸದುರ್ಗದ ಆ ಕಾರ್ಯಕ್ರಮ ಏರ್ಪಡಿಸಿರುವ ಶಿಕ್ಷಕಿ. ಒಮ್ಮೆಯೂ ಭೇಟಿಯಾಗಿಲ್ಲ.

“ಮೇಡಂ, ಹಿಂದಿನ ದಿನಾನೇ ಬಂದ್ಬಿಡ್ರಿ. ಲಾಡ್ಜು ಗೀಡ್ಜು ಏನೂ ಬ್ಯಾಡ, ನಮ್ಮನೆಯಾಗೇ ಉಳ್ಕಳ್ರಿ.”

ಇಂಥ ಮಾತಿಗೆ ನನ್ನಲ್ಲಿ ಒಂದು ಉತ್ತರ ಸದಾ ಸಿದ್ಧವಿರುತ್ತದೆ: ತೊಂದರೆ ಬೇಡ, ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತೇನೆ. ಸಭ್ಯವಾದ ಉತ್ತರ, ಯಾರೂ ತಪ್ಪು ಹುಡುಕಲಾರರು. ಅದನ್ನು ಹೇಳಿ ಹೇಳಿ ಈ ಜಿಲ್ಲೆಯ ಎಷ್ಟೋ ಊರುಗಳಿಗೆ ಹೋಗಿ, ಒಂದು ಮನೆಯನ್ನೂ ನೋಡದೆ ಬಂದಿದ್ದೇನೆ.

“ಆಯ್ತು ರೀ, ಬರ್ತೀನಿ” ಎಂದೆ.

ಪಾಪ, ಆಕೆ ನನ್ನ ‘ಬೇಡ’ಕ್ಕೆ ಕಾದಿದ್ದರು; ಅದು ಬಂದ ಮೇಲೆ ಒತ್ತಾಯ ಮಾಡಲು ಮಾತು ಜೋಡಿಸಿಕೊಂಡಿದ್ದಿರಬೇಕು.

“ನಿಜವಾಗ್ಲೂ ಬರ್ತೀರೇನ್ರಿ?”

“ನಿಜವಾಗ್ಲೂ.”

“ಅಯ್ಯೋ, ಬರ್ರಿ ಬರ್ರಿ!” ಎಂದು ನಕ್ಕರು. ರೊಟ್ಟಿಯೋ ಮುದ್ದೆಯೋ ಎಂದು ಕೇಳಿದರು. ನಾನು ಯಾವುದಾದರೂ ಸರಿ ಎನ್ನಲು ಹೋಗಿ, ತಡೆದು, “ಮುದ್ದೆ” ಎಂದೆ.

ಫೋನಿಟ್ಟ ಮೇಲೆ, ಅವರ ಮನೆಗೆ ಏನು ತೆಗೆದುಕೊಂಡು ಹೋಗಲಿ, ಹಣ್ಣೇ, ಸ್ವೀಟೇ, ಎಷ್ಟು ಎಂದು ಯೋಚಿಸುತ್ತಿರುವುದು ನನ್ನ ಗಮನಕ್ಕೆ ಬಂತು. ಇನ್ನೂ ಒಂದು ವಾರ ಸಮಯವಿದೆ. ಆ ಯೋಚನೆಯನ್ನು ಸದ್ಯಕ್ಕೆ ಅಲ್ಲಿಗೇ ಬಿಟ್ಟು, ಉಪನ್ಯಾಸದ ಎರಡನೆಯ ಭಾಗ ಬರೆಯಲು ಕೂತೆ.