ಒಂದು ನಿಮಿಷದ ಅಪ್ಪ

ನಾನು ಇಲ್ಲಿಯವರೆಗೆ ಏಳು ಸಿನಿಮಾ ಮಾಡಿದ್ದೇನೆ. ಏಳನ್ನೂ ಸಾಲಾಗಿ ನೋಡಿ ಮುಗಿಸಿದರೂ ನಿಮ್ಮ ಕೈಯಲ್ಲಿರುವ ಚಹಾ ಪೂರ್ತಿ ಆರುವುದಿಲ್ಲ. ಒಂದೊಂದೂ ಒಂದೇ ನಿಮಿಷದ್ದು. ಅದರಲ್ಲೂ ಇಪ್ಪತ್ತು ಸೆಕೆಂಡು ಹೆಸರುಗಳಿಗೇ ಹೋಗುತ್ತದೆ. ನನ್ನದು ನಾಲ್ಕು ಸಲ ಬರಬೇಕಲ್ಲ.

ಕ್ಯಾಮೆರಾ ಗಡಹಿಂಗ್ಲಜದ ಗೆಳೆಯ ಅಭಯನದು, ಅಂದರೆ ಅವನ ಮೊಬೈಲು. ದನಿಗಳೆಲ್ಲ ನನ್ನವು. ನಮ್ಮ ಮನೆ ಇಚಲಕರಂಜಿಗೆ ಅಂಟಿಕೊಂಡ ಕಬನೂರಿನಲ್ಲಿ. ಎಡಕ್ಕೂ ಬಲಕ್ಕೂ ವಿದ್ಯುತ್ ಮಗ್ಗಗಳು. ಅಲ್ಲಿ ಮೈಕು ಹಿಡಿದರೆ ನಾಯಕಿ ಪ್ರೀತಿ ಹೇಳಿಕೊಂಡರೂ ಖಟಾಖಟ್, ಎಮ್ಮೆ ಕೂಗಿದರೂ ಖಟಾಖಟ್. ಹೀಗಾಗಿ ಮೊದಲು ಚಿತ್ರ ತೆಗೆದು, ಆಮೇಲೆ ಹೊರಗಿನ ಸದ್ದು ನುಗ್ಗದಂತೆ ಅಭಯನ ತಾಯಿಯ ಸೀರೆ ಕಪಾಟಿನಲ್ಲಿ ತಲೆ ತೂರಿಸಿ ನಾನೇ ಎಲ್ಲರ ದನಿ ತೆಗೆಯುತ್ತೇನೆ. ನಾಯಕಿ ನಾನೇ, ಎಮ್ಮೆ ನಾನೇ. ಎಮ್ಮೆಯೇ ಹೆಚ್ಚು ಸಹಜವಾಗಿದೆ ಎಂಬುದು ಆ ತಾಯಿಯ ವಿಮರ್ಶೆ.

ಇದ್ಯಾವುದಕ್ಕೂ ಮಣಿಯದವನು ನನ್ನಪ್ಪ. ಮೊದಲಿನಿಂದಲೂ ಮಗ್ಗ ನಡೆಸಿದವನು.

“ಒಂದ ನಿಮಿಷದಾಗ ಏನ ಹೇಳತಿಯೋ ಬಸ್ಯಾ? ನಾ ನಾಕ ಎಳಿ ಗಂಟ ಹಾಕೂದ್ರಾಗ ನಿನ್ನ ಸಿನಿಮಾ ಮುಗದಿರತೈತಿ.”

ಆಗ ಕೊಲ್ಲಾಪುರದಲ್ಲಿ ಇಂಥ ಚಿತ್ರಗಳ ಸ್ಪರ್ಧೆಯೊಂದಿತ್ತು. ಅಪ್ಪ ಕರಾರು ಹಾಕಿದ: ಅಲ್ಲಿಗೆ ಬಂದು ನೋಡುತ್ತಾನೆ, ಮನಸ್ಸಿಗೆ ಬರಲಿಲ್ಲವೋ, ಸೋಮವಾರದಿಂದ ನಾನು ಸಿನಿಮಾ ಬಿಟ್ಟು ಮಗ್ಗಕ್ಕೆ.

ಆ ಏಳನೆಯ ಸಿನಿಮಾಕ್ಕೆ ನಾನು ಅಪ್ಪನನ್ನೇ ನಾಯಕನನ್ನಾಗಿಸಿದೆ. ತನ್ನ ಮುಖ ತೆರೆಯ ಮೇಲೆ ಕಂಡ ಮೇಲೂ ಸಿನಿಮಾ ಕೆಟ್ಟದೆಂದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಮಾತನ್ನೂ ಬರೆದುಕೊಟ್ಟೆ: ‘ಮಗನೇ, ನಿನ್ನ ಕನಸಿನ ವಸ್ತ್ರಕ್ಕೆ ನನ್ನ ಬದುಕೇ ನೂಲು.’ ಅಪ್ಪ ಓಡುವ ಮಗ್ಗದ ಮುಂದೆ ನಿಂತು, ನನ್ನನ್ನೇ ನೋಡುತ್ತ ತುಟಿ ಆಡಿಸಿದ. ಖಟಾಖಟ್.

“ಏಕದಮ್ ಭಾರಿ, ಕಾಕಾ!” ಎಂದ ಅಭಯ.

ಕಪಾಟಿನಲ್ಲಿ ಗಂಟಲು ದಪ್ಪ ಮಾಡಿಕೊಂಡು ಆ ಮಾತು ತುಂಬಿದೆ. ತುಟಿಗೂ ದನಿಗೂ ತಾಳೆಯೇ ಆಗಲಿಲ್ಲ. ಅದರಿಂದ ಸಿನಿಮಾ ಇನ್ನಷ್ಟು ಕಲಾತ್ಮಕವಾಗಿದೆ ಎಂದು ಅಭಯ ಸಮಾಧಾನ ಹೇಳಿದ.

ಸ್ಪರ್ಧೆಯ ದಿನ ಮಗ್ಗಗಳಿಗೆ ರಜೆ. ಹಿಂದಿನ ಎರಡು ಸಾಲೂ ಕಬನೂರಿನವರೇ. ನಮ್ಮ ಸರದಿ ಬರುವುದಕ್ಕೂ ಸ್ಪೀಕರು ಸಾಯುವುದಕ್ಕೂ ಸರಿಹೋಯಿತು. ತೆರೆಯ ಮೇಲೆ ಅಪ್ಪ, ದನಿ ಇಲ್ಲ. ಸಿನಿಮಾಕ್ಕೆ ಮಾತು ಬರುವ ಮೊದಲೇ ಕೊಲ್ಲಾಪುರದಲ್ಲಿ ಸಿನಿಮಾ ತೆಗೆಯುತ್ತಿದ್ದರಂತೆ. ಆ ಪರಂಪರೆಯನ್ನು ನಾವು ಬೆವರುತ್ತ ಎತ್ತಿಹಿಡಿದೆವು. ಮುಂದಿನ ಸಾಲಿನ ತಜ್ಞರು ಗದ್ದಕ್ಕೆ ಕೈಕೊಟ್ಟು ಗಂಭೀರರಾದರು. ಹಿಂದಿನ ಸಾಲುಗಳು ಹೋ ಎಂದು ನಗತೊಡಗಿದವು.

ಮಗ್ಗದ ಸದ್ದಿನಲ್ಲಿ ದುಡಿಯುವವರಿಗೆ ಕಿವಿಯ ಹಂಗಿಲ್ಲ. ಈ ತುದಿಯಿಂದ ಆ ತುದಿಗೆ ತುಟಿ ನೋಡಿಯೇ ಹರಟುತ್ತಾರೆ. ಊರಿನವರೆಲ್ಲರ ದನಿ ಕದ್ದ ನಾನು ಒಬ್ಬರ ಬಾಯನ್ನೂ ನೋಡಿರಲಿಲ್ಲ.

“ಏನಂತಾನ ಬೇ?” ಎಂದು ಪಕ್ಕದ ಮಗ್ಗದ ಮಲ್ಲವ್ವನನ್ನು ಕೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಇಡೀ ಸಭೆಗೆ ಕೇಳುವಂತೆ ಹೇಳಿದಳು:

“‘ಈ ಸುಡಗಾಡ ಮಾತ ನನ್ನ ನಾಲಗಿಮ್ಯಾಗ ಹೊಳ್ಳೂದಿಲ್ಲ. ಬಸ್ಯಾ, ಮುಂಜಾನಿಂದ ಹಸದ ತಿರಗಾಕತ್ತಿ, ಮನಿಗಿ ಹೋಗಿ ರೊಟ್ಟಿ ತಿನ್ನ’ ಅಂತ ಅಂದಾನ ನೋಡ ನಿಮ್ಮಪ್ಪ!”

ತಜ್ಞರೊಬ್ಬರು ಈ ಮೌನ ಬೇಕೆಂದೇ ಮಾಡಿದ್ದೇ ಎಂದು ಮರಾಠಿಯಲ್ಲಿ ವಿಚಾರಿಸಿದರು. ಅವರದೇ ಗಂಭೀರ ದನಿ ತೆಗೆದು “ಹೋ, ಮುದ್ದಾಮ್” ಎಂದೆ, ಹೌದು, ಬೇಕೆಂದೇ ಅಂತ. ಬಹುಮಾನ ಬರಲಿಲ್ಲ. ಬಹುಶಃ ದನಿ ಗುರುತು ಹತ್ತಿತು.

ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಲೇ, “ಸೋಮವಾರ ಮಗ್ಗಕ್ಕ ಬಾ,” ಎಂದ. ಅಲ್ಲಿಗೆ ನನ್ನ ಸಿನಿಮಾ ಏಳಕ್ಕೇ ಮುಗಿಯಿತು ಎಂದುಕೊಂಡೆ.

“ಆ ಅಭಯಾನ ಮೊಬೈಲನೂ ತಗೊಂಡ ಬಾ. ಮೊದಲ ಮಂದಿ ಬಾಯಿ ನೋಡಾಕ ಕಲಿ. ಮಾತ ಆಮ್ಯಾಲ ಬರಿಯಂತಿ.”

ಎಂಟನೆಯ ಸಿನಿಮಾ ಈಗ ನಡೆದಿದೆ. ಅದರಲ್ಲಿ ನನ್ನ ದನಿ ಎಲ್ಲಿಯೂ ಇಲ್ಲ. ಎಮ್ಮೆಗೂ ಎಮ್ಮೆಯದೇ ದನಿ. ದಿನಾ ಮುಂಜಾನೆ ಹೋಗಿ ಮಗ್ಗದ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಅದಕ್ಕೂ ಮೊದಲು, ರೊಟ್ಟಿ ತಿಂದು.