ಸುತ್ತಿ ಸುತ್ತಿ ಬಂದ 142857

ನಾನು ಓದು ಬಿಟ್ಟದ್ದು 1989ರಲ್ಲಿ, ಎಂಟನೇ ತರಗತಿಗೆ. ಅಂದಿನಿಂದ ತಿಪಟೂರಿನ ಸುತ್ತ ತೆಂಗಿನಕಾಯಿ ವ್ಯಾಪಾರ. ರಾಶಿಯಿಂದ ಏಳು ಕಾಯಿ ಆರಿಸಿ ತೂಗಿ, ಏಳರಿಂದ ಭಾಗಿಸಿ ಒಂದು ಕಾಯಿಯ ತೂಕ ತಿಳಿಯುವುದು ಅಪ್ಪ ಕಲಿಸಿದ ಪದ್ಧತಿ. ಬಾಯಿಲೆಕ್ಕದಲ್ಲಿ ನನ್ನನ್ನು ಮೀರಿಸಿದವರಿಲ್ಲ; ಚುಕ್ಕಿಯ ನಂತರ ಎರಡಂಕಿಗೆ ನಿಲ್ಲಿಸುತ್ತಿದ್ದೆ.

ಹೋದ ವರ್ಷ ಬಿಳಿಗೆರೆಯ ತೋಟದಲ್ಲಿ ಮೊದಲ ಸಲ ಮೊಬೈಲಿನಲ್ಲಿ ಭಾಗಿಸಿದೆ. ಏಳು ಕಾಯಿ ನಾಲ್ಕು ಕೆಜಿ ಇದ್ದವು. ಚುಕ್ಕಿಯ ನಂತರ 571428 ಬಂತು. ಇನ್ನೊಂದು ರಾಶಿಯವು ಐದು ಕೆಜಿ, 714285. ಮತ್ತೊಂದರವು ಮೂರು ಕೆಜಿ, 428571. ಅವೇ ಆರು ಅಂಕಿ! ಅಪ್ಪ ಕೊನೆಗಾಲದಲ್ಲಿ ಆಡಿದ ಮಾತನ್ನೇ ತಿರುತಿರುಗಿ ಆಡುತ್ತ ನನ್ನ ಗುರುತನ್ನೂ ಮರೆತಿದ್ದರು. ನನಗೂ ಅದೇ ಶುರುವಾಯಿತೆಂದುಕೊಂಡೆ. ಊಟ ಸೇರಲಿಲ್ಲ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಸೊಸೆ ಬಿಡದೆ ಕೇಳಿದಳು. ಹೇಳಿದೆ. ನಕ್ಕುಬಿಟ್ಟಳು.

“ತಿರುಗ್ತಿರೋದು ನಿಮ್ ತಲೆಯಲ್ಲ ಮಾವ, ಅಂಕಿ. ಒಂದನ್ನ ಏಳ್ರಲ್ಲಿ ಭಾಗಿಸಿದ್ರೆ ಚುಕ್ಕಿ ಆದ್ಮೇಲೆ 142857. ಅದನ್ನ ಎರಡರಿಂದ ಆರರವರೆಗೆ ಯಾವುದ್ರಲ್ಲಿ ಗುಣಿಸಿದ್ರೂ ಅವೇ ಅಂಕಿ ಸುತ್ತುತ್ವೆ. ಇಷ್ಟಕ್ಕೆ ಹೆದರಿದ್ರಾ?”

“ಹೆದರೋಕೆ ನಾನೇನು ಮಗೂನೇನವ್ವಾ? ಏಳ್ರಲ್ಲಿ ಗುಣಿಸಿದ್ರೆ?”

“ಬರೀ ಒಂಬತ್ತು. 999999.”

ಲೆಕ್ಕ ಅರ್ಥವಾಯಿತು, ಭಯ ಹೋಗಲಿಲ್ಲ. ದಿನವೂ ಎದ್ದೊಡನೆ ನನ್ನದನ್ನೆಲ್ಲ ಎಣಿಸಿ ನೋಡಿಕೊಳ್ಳುತ್ತೇನೆ. ಈಗ ನನಗಿರುವುದು ನೂರ ಹನ್ನೆರಡು ತೆಂಗಿನ ಮರ, ಮೂರು ಹಸು, ಇಬ್ಬರು ಮಕ್ಕಳು, ಒಬ್ಬಳು ಸೊಸೆ.