ಐದನೆಯ ಗುಂಪು

ಹಿಂದೂಪುರದ ನಮ್ಮ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಕೆಲಸ. ಪಕ್ಕದ ಮನೆಯ ಪವರ್‌ಲೂಮ್ ಸದ್ದಿಗೆ ಮೀಟಿಂಗಿನಲ್ಲಿ ನನ್ನ ಮೈಕು ಸದಾ ಮ್ಯೂಟ್. ಅದರಿಂದ ಎಲ್ಲರಿಗೂ ಕ್ಷೇಮ. ನನ್ನ ಬಾಯಿ ಒಳ್ಳೆಯದಲ್ಲ ಎಂದು ನಮ್ಮಕ್ಕನೇ ಹೇಳುತ್ತಾಳೆ.

ಈ ಕೆಲಸಕ್ಕೆ ಬ್ಲ್ಯಾಕ್ ಬಾಕ್ಸ್ ಟೆಸ್ಟಿಂಗ್ ಅನ್ನುತ್ತಾರೆ. ಒಳಗಿನ ಕೋಡ್ ನೋಡುವ ಹಾಗಿಲ್ಲ. ಹೀಗೆ ತುಂಬಿದರೆ ಹೀಗೆ ಬರಬೇಕು ಎಂದು ಬರೆದುಕೊಟ್ಟ ಷರತ್ತುಗಳನ್ನು ಹಿಡಿದು ಹೊರಗಿನಿಂದಲೇ ಪರೀಕ್ಷಿಸಬೇಕು. ಯಾವ ಷರತ್ತಿಗೆ ಯಾವ ವಿಧಾನ ಎಂದು ಆರಿಸುವುದರಲ್ಲೇ ಇರುವುದು ಕಸುಬು. ಜನ ಗುಂಪುಗುಂಪಾಗಿ ಬರುವಲ್ಲಿ ಗುಂಪಿಗೊಬ್ಬರನ್ನು ಹಿಡಿದು ನೋಡಿದರೆ ಸಾಕು. ಲೆಕ್ಕಕ್ಕೊಂದು ಗಡಿ ಇದ್ದರೆ ಅದರ ಈಚೆಗೂ ಆಚೆಗೂ ನಿಂತು ನೋಡಬೇಕು.

ಆ ಸಲ ಬಂದದ್ದು ನೇಕಾರರ ಸಂಘವೊಂದರ ಆ್ಯಪ್. ವರ್ಷಕ್ಕೊಮ್ಮೆ ಅದರಲ್ಲಿ ವಿವರ ತುಂಬಿದವರಿಗೆ ಮಾತ್ರ ನೂಲು. ಹೆಣ್ಣುಮಕ್ಕಳನ್ನು ನಾಲ್ಕು ಗುಂಪು ಮಾಡಿದ್ದರು: ಮದುವೆಯಾಗದವರು, ಗಂಡನಿರುವವರು, ಗಂಡನನ್ನು ಬಿಟ್ಟವರು, ವಿಧವೆಯರು. ಗಂಡನಿದ್ದರೆ ಅವನ ಫೋನಿಗೆ ಓಟಿಪಿ ಹೋಗುತ್ತದೆ. ವಿಧವೆಯಾದರೆ ಮರಣ ಪ್ರಮಾಣಪತ್ರ ಬೇಕು. ಮಗ್ಗ ತುಳಿದು ಕಾಲು ಸೋಲುವುದು ಇವಳದು, ಓಟಿಪಿ ಮಾತ್ರ ಅವನಿಗೆ. ಇರಲಿ. ಗುಂಪಿಗೊಬ್ಬರನ್ನು ಹುಡುಕುತ್ತಾ ಕೂತಾಗ ಕಣ್ಣ ಮುಂದೆ ಬಂದವಳು ಕಲ್ಯಾಣದುರ್ಗದಲ್ಲಿರುವ ಅಕ್ಕ. ಅದೇ ಸಂಘದ ನೂಲಿನಿಂದ ಬದುಕುವವಳು. ಆ ನಾಲ್ಕರಲ್ಲಿ ಅವಳು ಎಲ್ಲೂ ಇರಲಿಲ್ಲ.

ಸೀರೆ ಗಂಟು ಕಟ್ಟಿಕೊಂಡು ಬಳ್ಳಾರಿ ಕಡೆ ಮಾರಲು ಹೋದ ಬಾವ ತಿರುಗಿ ಬರಲಿಲ್ಲ. ಪೊಲೀಸರಿಗೆ ದೂರು ಕೊಟ್ಟು, ಆಸ್ಪತ್ರೆ, ರೈಲು ನಿಲ್ದಾಣ ಎಲ್ಲ ಅಲೆದದ್ದಾಯಿತು. ಅಕ್ಕ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಅವಳ ಕೇರಿಯಲ್ಲಿ ಅವಳಿಗಾಗಿಯೇ ಒಂದು ಪದ್ಧತಿ ಬೆಳೆಯಿತು. ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆ ಕರೆದಾಗ ಉಳಿದವರ ಹಣೆಗೆ ಮನೆಯವರೇ ಇಡುತ್ತಾರೆ. ಅಕ್ಕನ ಮುಂದೆ ಮಾತ್ರ ಬಟ್ಟಲಿಟ್ಟು ಬೇರೆ ಕಡೆ ನೋಡುತ್ತಾರೆ. ಅವಳೇ ಬೆರಳದ್ದಿ ಇಟ್ಟುಕೊಂಡ ಮೇಲೆ ಇತ್ತ ತಿರುಗುತ್ತಾರೆ. ಎಲ್ಲರನ್ನೂ ಬೈಯುವ ನನಗೆ ಅವರನ್ನು ಬೈಯಲು ಮನಸ್ಸು ಬಂದಿಲ್ಲ. ಕೇಳದೆ ಇರುವುದೂ ಒಂದು ಮರ್ಯಾದೆ.

ಗಂಡ ಕಾಣೆಯಾದವರಿಗೆ ಇದರಲ್ಲಿ ದಾರಿಯಿಲ್ಲ ಎಂದು ದೋಷ ಬರೆದು ಕಳಿಸಿದೆ. ನಮ್ಮ ತಂಡದ ಲೀಡ್ ಅನಂತಪುರದವರು. "ರಿಕ್ವೈರ್‌ಮೆಂಟ್‌ಲೋ ಲೇದು ಕದಮ್ಮಾ, ಮನಕೆಂದುಕು?" ಅಂದರು. ಷರತ್ತಿನಲ್ಲಿ ಇಲ್ಲದ್ದು ನಮಗೇಕೆ ಎಂದು.

"ಷರತ್ತಲ್ಲಿ ಇಲ್ಲ ಸಾರ್, ಕಲ್ಯಾಣದುರ್ಗದಲ್ಲಿ ಐತೆ" ಅಂದೆ. ಅವತ್ತು ಮೈಕು ಮ್ಯೂಟ್ ಇರಲಿಲ್ಲ.

ಮನುಷ್ಯ ಒಳ್ಳೆಯವರು, ಸಂಘದವರ ಹತ್ತಿರ ಮಾತಾಡಿದರು. ಐದನೆಯ ಗುಂಪು ಬಂತು: 'ಗಂಡ ಕಾಣೆ'. ಅಕ್ಕನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಹೊಸ ಷರತ್ತನ್ನು ಪೂರ್ತಿ ಓದಿದ್ದು ಆಮೇಲೆ. ಕಾಣೆಯಾದ ತಾರೀಖು ತುಂಬಬೇಕು. ಏಳು ವರ್ಷ ತುಂಬಿದ್ದರೆ ಕಾನೂನಿನ ಲೆಕ್ಕಕ್ಕೆ ಸತ್ತಂತೆ ಎಂದು ಸಂಘದ ವಕೀಲರು ಸೇರಿಸಿದ್ದರು. ಆಗ ಆ್ಯಪ್ ತಾನಾಗಿಯೇ 'ವಿಧವೆ' ಎಂದು ಬರೆದುಕೊಳ್ಳುತ್ತದೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ. ಬಾವ ಹೋಗಿ ಏಳು ವರ್ಷ ದಾಟಿತ್ತು.

ಗಡಿ ಇದ್ದಲ್ಲಿ ಗಡಿಯ ಪರೀಕ್ಷೆ, ವಿಧಾನ ಆರಿಸಲು ಯೋಚನೆಯೇ ಬೇಕಿರಲಿಲ್ಲ. ಏಳು ವರ್ಷಕ್ಕೆ ಒಂದು ದಿನ ಕಡಿಮೆಯಿದ್ದಾಗ 'ಕಾಣೆ' ಎಂದಿತು. ತುಂಬಿದ ದಿನ 'ವಿಧವೆ' ಎಂದಿತು. ಕೊನೆಗೆ ಬಾವ ಹೋದ ತಾರೀಖನ್ನೇ ಹಾಕಿ ನೋಡಿದೆ. ವಿಧವೆ. ಆ್ಯಪ್‌ನಲ್ಲಿ ಏನೂ ತಪ್ಪಿರಲಿಲ್ಲ. 'ಪಾಸ್' ಎಂದು ಬರೆದು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಡೀ ಕೇರಿ ಮುಖ ತಿರುಗಿಸಿಕೊಂಡು ಕಾಪಾಡಿದ್ದ ಮಾತನ್ನು ಫೋನೊಂದು ಅವಳ ಮುಖಕ್ಕೇ ಹೇಳುವುದರಲ್ಲಿತ್ತು.

ಶನಿವಾರ ಆ್ಯಪ್ ಜನರ ಕೈಗೆ ಬಂತು. ಅವಳು ತುಂಬುವ ಮೊದಲು ನಾನೇ ಹೇಳಿಬಿಡೋಣ ಎಂದು ಭಾನುವಾರ ಬಸ್ಸು ಹತ್ತಿದೆ. ಅಕ್ಕ ಮಗ್ಗದಿಂದ ಎದ್ದು ಬಂದು ಕಾಫಿ ಕೊಟ್ಟಳು. ಹಣೆಯಲ್ಲಿ ಎಂದಿನ ಕುಂಕುಮ.

"ಅಕ್ಕಾ, ಆ ಆ್ಯಪು..."

"ಬೆಳಿಗ್ಗೇನೇ ತುಂಬ್‌ಬುಟ್ಟೆ ಕಣೇ. ನೂಲು ಬತ್ತದಂತೆ."

ನಾನು ಲೋಟ ಕೆಳಗಿಟ್ಟೆ. "ಏನಂತ ತೋರಿಸ್ತು?"

"ಕಾಣೆ ಅಂತ. ನೀನೇ ಹೇಳಿದ್ಯಲ್ಲ."

"ತಾರೀಖು ಯಾವುದು ಹಾಕ್ದೆ?"

ಅವಳು ನನ್ನ ಕಡೆ ನೋಡಲಿಲ್ಲ. "ಯಾವತ್ತು ಹೋದ್ರು ಅಂತ ಕೇಳ್ತು. ನಿನ್ನೆ ಅಂತ ಹಾಕ್ದೆ."

"ನಿನ್ನೇನಾ?"

"ನಂಗೆ ನಿನ್ನೆ ಹೋದಂಗೇ ಐತೆ ಕಣಮ್ಮ. ಹಾಕ್‌ಬಾರ್ದಾಗಿತ್ತಾ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತನ್ನು ಅಲ್ಲಿಗೇ ಬಿಟ್ಟೆ. "ಬರೋ ವರ್ಷ ಮತ್ತೆ ಕೇಳ್ತದೆ, ಅಕ್ಕಾ" ಅಂದೆ.

"ಕೇಳ್ಲಿ ಬಿಡು" ಎಂದು ಅವಳು ಮಗ್ಗದ ಗುಂಡಿಗೆ ಇಳಿದಳು. "ಅವತ್ತೂ ನಿನ್ನೆ ಅಂತ್ಲೇ ಹಾಕ್ತೀನಿ."